ಎರಡಕ್ಕೂ 47 ಎಚ್‌ಪಿ, ಆದರೆ ಮಾಕುಟ್ಟ ಹತ್ತುವ ಬಗೆ ಬೇರೆ

ಓದುಗರ ಪ್ರಶ್ನೆ, ಶೆಡ್ಡಿನ ಉತ್ತರ
(ಉತ್ತರಿಸುವವರು ವಿರಾಜಪೇಟೆಯಲ್ಲಿ 27 ವರ್ಷದಿಂದ ಬೈಕ್ ರಿಪೇರಿ ಮಾಡುತ್ತಿರುವ ಮೆಕ್ಯಾನಿಕ್)

ಪ್ರಶ್ನೆ: ಅಣ್ಣಾ, ನನಗೆ 26 ವರ್ಷ. ಈಗಿರುವ 150 ಸಿಸಿ ಬೈಕ್ ಕೊಟ್ಟು ದೊಡ್ಡದು ತಗೊಳ್ಳಬೇಕು ಅಂತಿದ್ದೇನೆ. ಎರಡು ಬೈಕ್ ಮನಸ್ಸಿನಲ್ಲಿವೆ: ರಾಯಲ್ ಎನ್‌ಫೀಲ್ಡ್ ಇಂಟರ್‌ಸೆಪ್ಟರ್ 650 ಮತ್ತು ಎಪ್ರಿಲಿಯಾ ಟುವೊನೊ 457. ಒಂದು 648 ಸಿಸಿ, ಇನ್ನೊಂದು 457. ಆದರೂ ಎರಡಕ್ಕೂ ಸುಮಾರು 47 ಎಚ್‌ಪಿ. ಇದು ಹೇಗೆ? ಎರಡರಲ್ಲೂ 270 ಡಿಗ್ರಿ ಕ್ರ್ಯಾಂಕ್ ಇದೆ ಅಂತಾರೆ, ಹಾಗಂದರೆ ಏನು? ತಿಂಗಳಿಗೆ ಎರಡು ಸಲ ಮಾಕುಟ್ಟ ಘಾಟಿ ಇಳಿದು ಕಣ್ಣೂರಿಗೆ ಹೋಗಿ ಬರುತ್ತೇನೆ. ಯಾವುದು ಒಳ್ಳೆಯದು?
– ಓದುಗ, ಗೋಣಿಕೊಪ್ಪಲು

ಉತ್ತರ: ತಮ್ಮಾ, ಒಳ್ಳೆ ಪ್ರಶ್ನೆ ಕೇಳಿದ್ದೀಯ. ಶೆಡ್ಡಿಗೆ ಬರುವ ಹುಡುಗರೆಲ್ಲ ಎಚ್‌ಪಿ ಎಷ್ಟು ಅಂತ ಕೇಳುತ್ತಾರೆ. ಅದು ಎಷ್ಟು ಆರ್‌ಪಿಎಂನಲ್ಲಿ, ಅಂದರೆ ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗಿದಾಗ ಬರುತ್ತದೆ ಅಂತ ಕೇಳುವವರು ಕಡಿಮೆ.

ತೋಟದಲ್ಲಿ ಮೂಟೆ ಹೊರುವುದನ್ನು ನೋಡಿರುತ್ತೀಯಲ್ವಾ? ಒಬ್ಬ ಒಂದು ಸಲಕ್ಕೆ 50 ಕೆಜಿ ಹೊರುತ್ತಾನೆ, ನಿಧಾನ ನಡೆಯುತ್ತಾನೆ. ಇನ್ನೊಬ್ಬ 35 ಕೆಜಿ ಹೊತ್ತು ಓಡಾಡುತ್ತಾನೆ. ಸಂಜೆಗೆ ಇಬ್ಬರೂ ಕಣಕ್ಕೆ ಹಾಕಿದ ಕಾಫಿ ಒಂದೇ. ಮೂಟೆಯ ತೂಕ ಅಂದರೆ ಟಾರ್ಕ್, ಇಂಜಿನ್ ತಿರುಗಿಸುವ ಬಲ. ಸಂಜೆಯ ಲೆಕ್ಕ ಎಚ್‌ಪಿ. ಇಂಟರ್‌ಸೆಪ್ಟರ್ 5250 ಆರ್‌ಪಿಎಂನಲ್ಲಿ 52 ನ್ಯೂಟನ್ ಮೀಟರ್ ಟಾರ್ಕ್ ಕೊಡುತ್ತದೆ, 47 ಎಚ್‌ಪಿ ಬರುವುದು 7150ರಲ್ಲಿ. ಟುವೊನೊ 457ಗೆ 6700ರಲ್ಲಿ 43.5 ನ್ಯೂಟನ್ ಮೀಟರ್, ಪೂರ್ತಿ ಎಚ್‌ಪಿ ಬರುವುದು 9400ರಲ್ಲಿ. ಸಣ್ಣ ಇಂಜಿನ್ ಜೋರಾಗಿ ತಿರುಗಿ ದೊಡ್ಡದರ ಸಮಕ್ಕೆ ಬರುತ್ತದೆ.

ಅಷ್ಟು ತಿರುಗಬೇಕಾದರೆ ಒಳಗಿನ ಕಟ್ಟೂ ಹಾಗೇ ಇರಬೇಕು. 457ರಲ್ಲಿ ಪಿಸ್ಟನ್ ಮೇಲೆ ಕೆಳಗೆ ಓಡುವ ದಾರಿ 61.1 ಮಿ.ಮೀ., ಇಂಟರ್‌ಸೆಪ್ಟರಿನಲ್ಲಿ 67.8. ದಾರಿ ಗಿಡ್ಡ ಇದ್ದರೂ 9400ರಲ್ಲಿ ಆ ಪಿಸ್ಟನ್ ಸರಾಸರಿ ಸೆಕೆಂಡಿಗೆ 19 ಮೀಟರ್ ಓಡುತ್ತದೆ. ಇಂಟರ್‌ಸೆಪ್ಟರಿನದು 7150ರಲ್ಲಿ ಸುಮಾರು 16. ಅದಕ್ಕೇ 457ಗೆ ನೀರಿನ ಕೂಲಿಂಗ್, ತಲೆಯಲ್ಲಿ ವಾಲ್ವ್ ತೆರೆಯುವ ಎರಡು ಕ್ಯಾಮ್. ಇಂಟರ್‌ಸೆಪ್ಟರಿಗೆ ಗಾಳಿ ಮತ್ತು ಆಯಿಲ್ ಕೂಲಿಂಗ್, ಒಂದೇ ಕ್ಯಾಮ್ ಸಾಕು.

ಈಗ 270 ಡಿಗ್ರಿ. ಈ ಎರಡೂ ಬೈಕಿನಲ್ಲಿ ಎರಡೆರಡು ಪಿಸ್ಟನ್. ಅವುಗಳ ಮೇಲೆ ಕೆಳಗಿನ ಓಟವನ್ನು ಸುತ್ತುವ ಓಟ ಮಾಡುವ ದಂಡವೇ ಕ್ರ್ಯಾಂಕ್. ಒಂದೊಂದು ಪಿಸ್ಟನ್ ಅದರ ಒಂದೊಂದು ಪಿನ್‌ಗೆ ಕೂಡಿರುತ್ತದೆ. ಇದನ್ನು ನಿನಗೆ ಕೈಯಲ್ಲಿ ಹಿಡಿದು ತೋರಿಸಬೇಕಿತ್ತು. ಹೋದ ಮಳೆಗಾಲದಲ್ಲಿ ನನ್ನ ಬೆಂಚಿನ ಮೇಲೆ ಎರಡು ಕ್ರ್ಯಾಂಕ್ ಅಕ್ಕಪಕ್ಕ ಇದ್ದವು. ಒಂದು ಹಳೇ ರಾಜ್‌ದೂತ್ 350ದು, ಇನ್ನೊಂದು ಇಂಟರ್‌ಸೆಪ್ಟರಿನದು. ಗೋಣಿಚೀಲ ಹಾಸಿ, ಎರಡು ಮರದ ತುಂಡಿನ ಮೇಲಿಟ್ಟು, ನಮ್ಮ ಹುಡುಗನಿಗೆ ತಿರುಗಿಸಿ ತೋರಿಸಿದೆ. ಗೋಡೆ ಗಡಿಯಾರ ನೆನೆಸಿಕೋ. ಹಳೆಯದರಲ್ಲಿ ಒಂದು ಪಿನ್ 12ರಲ್ಲಿದ್ದರೆ ಇನ್ನೊಂದು 6ರಲ್ಲಿ. ಅದು 180 ಡಿಗ್ರಿ. ಹೊಸದರಲ್ಲಿ ಒಂದು 12ರಲ್ಲಿದ್ದರೆ ಇನ್ನೊಂದು ಮಗ್ಗುಲಿಗೆ, 9ರ ಕಡೆ. ಮುಳ್ಳು ತಿರುಗುವ ದಿಕ್ಕಿನಲ್ಲಿ ಎಣಿಸಿದರೆ ಅದು 270 ಡಿಗ್ರಿ, ಹತ್ತಿರದ ಕಡೆಯಿಂದ 90.

ಇಷ್ಟೇ ವ್ಯತ್ಯಾಸ. ಆದರೆ ಕೇಳು. ಪಿನ್ 12ಕ್ಕೆ ಬಂದಾಗ ಪಿಸ್ಟನ್ ಒಂದು ಕ್ಷಣ ನಿಲ್ಲುತ್ತದೆ, 6ಕ್ಕೆ ಬಂದಾಗಲೂ ನಿಲ್ಲುತ್ತದೆ. 180ರಲ್ಲಿ ಎರಡೂ ಪಿಸ್ಟನ್ ಒಟ್ಟಿಗೆ ನಿಂತು ಒಟ್ಟಿಗೆ ಓಡುತ್ತವೆ. ಓಡುವಾಗ ಕ್ರ್ಯಾಂಕಿನಿಂದ ಬಲ ತಗೊಳ್ಳುತ್ತವೆ, ನಿಲ್ಲುವಾಗ ವಾಪಸ್ ಕೊಡುತ್ತವೆ. ಹಾಗಾಗಿ ಕ್ರ್ಯಾಂಕಿಗೆ ಪ್ರತಿ ಸುತ್ತಿನಲ್ಲೂ ಎಳೆದು ಬಿಟ್ಟ ಹಾಗೆ ಆಗುತ್ತದೆ. 270ರಲ್ಲಿ ಒಂದು ನಿಂತಾಗ ಇನ್ನೊಂದು ಜೋರು ಓಟದಲ್ಲಿರುತ್ತದೆ. ಒಂದು ಕೊಟ್ಟದ್ದನ್ನು ಇನ್ನೊಂದು ತಗೊಳ್ಳುತ್ತದೆ. ಆಮೇಲೆ ಚಕ್ರಕ್ಕೆ ಹೋಗುವುದು ಹೆಚ್ಚುಕಡಿಮೆ ಪೆಟ್ರೋಲ್ ಉರಿದ ಬಲ ಮಾತ್ರ. ಆಕ್ಸಿಲರೇಟರ್ ಎಷ್ಟು ತಿರುವಿದೆ, ಹಿಂದಿನ ಚಕ್ರ ಎಷ್ಟು ತಳ್ಳಿತು, ಅದು ಕೈಗೆ ಸರಿಯಾಗಿ ಗೊತ್ತಾಗುತ್ತದೆ. ಯಮಾಹಾದವರು 1995ರಲ್ಲೇ ಟಿಆರ್‌ಎಕ್ಸ್ 850ರಲ್ಲಿ ಇದನ್ನು ಮಾಡಿದ್ದರು. ಈಗ ಈ ವರ್ಗದ ಬೈಕುಗಳಲ್ಲಿ ಬಹಳ ಕಂಪನಿಗಳು ಇದೇ ದಾರಿ ಹಿಡಿದಿವೆ.

ಶಬ್ದವೂ ಇದರಿಂದಲೇ. ಒಂದು ಸಿಲಿಂಡರ್ ಉರಿದ ಮೇಲೆ 270 ಡಿಗ್ರಿಗೆ ಇನ್ನೊಂದು, ಆಮೇಲೆ 450 ಡಿಗ್ರಿ ಬಿಟ್ಟು ಮತ್ತೆ ಮೊದಲನೆಯದು. ಎರಡು ಸಿಲಿಂಡರ್ V ಆಕಾರದಲ್ಲಿ ಕೂತ 90 ಡಿಗ್ರಿಯ ವಿ-ಟ್ವಿನ್‌ನಲ್ಲೂ ಇದೇ ಲೆಕ್ಕ. ಆದ್ದರಿಂದ ಕಣ್ಣು ಮುಚ್ಚಿ ಕೇಳಿದರೆ ಡುಕಾಟಿಯ ಹಾಗೆ ದಡಬಡ ಅನ್ನುತ್ತದೆ. ಇದಕ್ಕೆ ಒಂದು ಬೆಲೆ ಇದೆ: ಪ್ರತಿ ಸುತ್ತಿಗೊಮ್ಮೆ ಇಂಜಿನ್ ಅಲುಗುತ್ತದೆ. ಅದನ್ನು ತಡೆಯಲು ಒಳಗೆ ಬ್ಯಾಲೆನ್ಸರ್ ಶಾಫ್ಟ್ ಬೇಕು. ಕೆಟಿಎಂ 790 ಡ್ಯೂಕ್‌ನಲ್ಲಿ ಪಿನ್‌ಗಳ ನಡುವೆ 90ರ ಬದಲು 75 ಡಿಗ್ರಿ ಇಟ್ಟಿದ್ದಾರೆ. ಅದಕ್ಕೆ ಎರಡು ಬ್ಯಾಲೆನ್ಸರ್, ಎರಡನೆಯದನ್ನು ಸಿಲಿಂಡರ್ ತಲೆಯಲ್ಲಿ ಕ್ಯಾಮ್‌ಗಳ ಮಧ್ಯೆ ಕೂರಿಸಿದ್ದಾರೆ. ಜಾಗ ಉಳಿಸಲು ಎಷ್ಟು ತಲೆ ಓಡಿಸಿದ್ದಾರೆ ನೋಡು. ಅಂಥ ಕೆಲಸ ಕಂಡರೆ ನನಗೆ ತುಂಬಾ ಖುಷಿ.

ಇನ್ನು ನಿನ್ನ ಘಾಟಿ. ಕೂಟುಪುಯ ಸೇತುವೆಯಿಂದ ಪೆರುಂಬಾಡಿಗೆ ಹತ್ತುವಾಗ ಜುಲೈನಲ್ಲಿ ರಸ್ತೆಯಂಚಿನ ಪಾಚಿ, ಕೊಳೆತ ಎಲೆ, ಅಡ್ಡ ಹರಿಯುವ ನೀರು ನಿನಗೇ ಗೊತ್ತು. ಅಲ್ಲಿ ತಿರುವಿನಿಂದ ಹೊರಬರುವಾಗ ನೀನು ಎರಡನೇ ಅಥವಾ ಮೂರನೇ ಗೇರ್‌ನಲ್ಲಿ, 3000ದಿಂದ 5000 ಆರ್‌ಪಿಎಂ ಒಳಗೆ ಇರುತ್ತೀಯ. 9400 ಅಲ್ಲಿ ಕನಸಿನ ಮಾತು. ಇಂಟರ್‌ಸೆಪ್ಟರ್ ತನ್ನ ಟಾರ್ಕಿನ ನೂರಕ್ಕೆ 80 ಭಾಗವನ್ನು 2500ರಲ್ಲೇ ಕೊಡುತ್ತದೆ ಅಂತ ಕಂಪನಿಯವರು ಹೇಳುತ್ತಾರೆ, ಓಡಿಸಿದರೆ ಅದು ನಿಜ ಅನ್ನಿಸುತ್ತದೆ. ಗೇರ್ ಮುಟ್ಟದೆ ಸುಮ್ನೆ ಎಳೆದುಕೊಂಡು ಹೋಗುತ್ತದೆ. 457ರಲ್ಲಿ ಒಂದು ಗೇರ್ ಇಳಿಸಬೇಕು, ಇಳಿಸಿದರೆ ಹಾರುತ್ತದೆ.

ಆದರೆ ತೂಕ ಮರೀಬೇಡ. ಟುವೊನೊ ಪೆಟ್ರೋಲ್ ಸೇರಿ 175 ಕೆಜಿ. ಇಂಟರ್‌ಸೆಪ್ಟರ್ ಪೆಟ್ರೋಲ್ ಇಲ್ಲದೆಯೇ 202. ಬ್ರೇಕ್ ಹಿಡಿದು ಇಳಿಯುವಾಗ ಆ ತೂಕ ಮುಂಗೈಗೆ ಬರುತ್ತದೆ. ಒಂದು ಹೇರ್‌ಪಿನ್ ಮುಗಿದು ಇನ್ನೊಂದಕ್ಕೆ ಬೈಕನ್ನು ಆಚೆ ಕಡೆಗೆ ವಾಲಿಸುವಾಗಲೂ ಗೊತ್ತಾಗುತ್ತದೆ. 457ಗೆ 17 ಇಂಚಿನ ಚಕ್ರ, ಬೇಗ ತಿರುಗುತ್ತದೆ. ಇಂಟರ್‌ಸೆಪ್ಟರಿನ 18 ಇಂಚು ಗುಂಡಿಯ ಮೇಲೆ ಸ್ವಲ್ಪ ಮೆತ್ತಗೆ.

ನೀನು ಒಬ್ಬನೇ ಓಡಿಸುವವನಾದರೆ, ಗೇರ್ ಆಡಿಸುವುದು ಇಷ್ಟ ಇದ್ದರೆ, 457 ತಗೋ. ಅಮ್ಮನನ್ನು ಹಿಂದೆ ಕೂರಿಸಿಕೊಂಡು ಚೀಲ ಕಟ್ಟಿಕೊಂಡು ಹೋಗುವುದು ಜಾಸ್ತಿ ಇದ್ದರೆ ಇಂಟರ್‌ಸೆಪ್ಟರ್. ಟೆಸ್ಟ್ ರೈಡ್ ಕೊಟ್ಟಾಗ ನೇರ ರಸ್ತೆಯಲ್ಲಿ ಓಡಿಸಿ ಬಂದುಬಿಡಬೇಡ. ಒಂದು ಏರು ಹುಡುಕು. ಮೂರನೇ ಗೇರ್‌ನಲ್ಲಿ 3000ಕ್ಕೆ ಇಳಿಸಿ ಮೆಲ್ಲಗೆ ಆಕ್ಸಿಲರೇಟರ್ ಕೊಡು. ಅಲ್ಲಿ ಯಾವುದು ನಿನ್ನ ಮಾತು ಕೇಳುತ್ತದೋ ನೋಡು.

ಪ್ರಶ್ನೆ: ತೋಟದ ಕಲ್ಲಿಗೆ ತಾಗಬಾರದು ಅಂತ ಬೈಕಿನ ಹಿಂಭಾಗವನ್ನು ಕಿಟ್ ಹಾಕಿಸಿ 30 ಮಿ.ಮೀ. ಎತ್ತರಿಸಿದೆ. ಈಗ 90 ದಾಟಿದರೆ ಹ್ಯಾಂಡಲ್ ನಡುಗುತ್ತದೆ. ಟೈರ್ ಕೆಟ್ಟಿದೆಯಾ?
– ಓದುಗ, ಸೋಮವಾರಪೇಟೆ

ಉತ್ತರ: ಟೈರ್ ನೋಡಿ, ಹ್ಯಾಂಡಲ್ ಬೇರಿಂಗ್ ಕೂಡ ನೋಡಿ. ಆದರೆ ನನ್ನ ಅನುಮಾನ ಆ ಕಿಟ್ ಮೇಲೆ. ಆಸ್ಪತ್ರೆ ಮಂಚದ ಪುಟ್ಟ ಚಕ್ರ ನೋಡಿದ್ದೀರಲ್ಲ? ತಿರುಗುವ ಕಂಬಕ್ಕಿಂತ ಚಕ್ರ ಸ್ವಲ್ಪ ಹಿಂದಿರುತ್ತದೆ. ಅದಕ್ಕೇ ಅದು ತಾನಾಗಿ ನೇರ ಆಗುತ್ತದೆ. ಬೈಕಿನ ಮುಂದಿನ ಚಕ್ರಕ್ಕೂ ಅಂಥದ್ದೇ ಅಳತೆ ಇದೆ, ಟ್ರೇಲ್ ಅಂತಾರೆ. ಈ ವರ್ಗದ ಬೈಕಿನಲ್ಲಿ ಸುಮಾರು 100 ಮಿ.ಮೀ. ಹಿಂದೆ 30 ಮಿ.ಮೀ. ಎತ್ತಿದರೆ ಇಡೀ ಬೈಕ್ ಮುಂದಕ್ಕೆ ಒಂದು ಡಿಗ್ರಿಗಿಂತ ಸ್ವಲ್ಪ ಜಾಸ್ತಿ ಬಾಗುತ್ತದೆ, ಟ್ರೇಲ್ ಸುಮಾರು 7 ಮಿ.ಮೀ. ಕಡಿಮೆ ಆಗುತ್ತದೆ. ನಿಧಾನ ಓಡಿಸುವಾಗ ಚುರುಕು ಅನ್ನಿಸುತ್ತದೆ. ಜೋರಾದಾಗ ಹ್ಯಾಂಡಲ್ ನೇರ ನಿಲ್ಲುವ ಗುಣ ಕಡಿಮೆ ಆಗಿರುತ್ತದೆ. ಕಿಟ್ ತೆಗೆದು ಹಳೆಯದನ್ನೇ ಹಾಕಿಸಿ. ಇಂಜಿನ್ ಅಡಿಗೆ ಅಲ್ಯೂಮಿನಿಯಂ ತಗಡಿನ ಗಾರ್ಡ್ ಕಟ್ಟಿಸಿ. ಅಲ್ಲಿವರೆಗೆ ದಯವಿಟ್ಟು 60 ದಾಟಬೇಡಿ.

ಪ್ರಶ್ನೆ: ಮಂಗಳೂರಲ್ಲಿ ಓಡಿಸುವಾಗ ಇದ್ದ ಪಿಕಪ್ ಮಡಿಕೇರಿಗೆ ಬಂದರೆ ಇಲ್ಲ. ಪೆಟ್ರೋಲ್ ಕಲಬೆರಕೆಯಾ?
– ಓದುಗಳು, ಮಡಿಕೇರಿ

ಉತ್ತರ: ಇಲ್ಲಮ್ಮ, ಗಾಳಿ. ಮಡಿಕೇರಿ ಸಮುದ್ರ ಮಟ್ಟದಿಂದ ಸುಮಾರು 1150 ಮೀಟರ್ ಮೇಲಿದೆ. ಇಲ್ಲಿ ಗಾಳಿ ನೂರಕ್ಕೆ ಹತ್ತರಷ್ಟು ತೆಳು, ಇಂಜಿನ್ ಬಲವೂ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. ಇಂಜೆಕ್ಷನ್ ಬೈಕ್ ಪೆಟ್ರೋಲನ್ನು ಗಾಳಿಗೆ ತಕ್ಕಂತೆ ಕಡಿಮೆ ಮಾಡುತ್ತದೆ, ಇಲ್ಲದ ಗಾಳಿಯನ್ನು ತರಲಾರದು. ಅದಕ್ಕಿಂತ ಜಾಸ್ತಿ ಮಂಕಾಗಿದೆ ಅನ್ನಿಸಿದರೆ ಮೊದಲು ಏರ್ ಫಿಲ್ಟರ್ ಬಿಚ್ಚಿಸಿ. ಕಾಫಿ ಒಣಗಿಸುವ ಕಣದ ಪಕ್ಕ ನಿಲ್ಲಿಸುತ್ತಿದ್ದ ಒಂದು ಬೈಕಿನ ಫಿಲ್ಟರ್ ಡಬ್ಬದಲ್ಲಿ ಹೋದ ಜನವರಿಯಲ್ಲಿ ನನಗೆ ಒಂದು ಹಿಡಿ ಕಾಫಿ ಸಿಪ್ಪೆಯ ಪುಡಿ ಸಿಕ್ಕಿತು.