ಅಮ್ಮನಿಗೆ ಎಂಆರ್‌ಸಿಪಿ ಬರೆದಿದ್ದಾರೆ, ಮಾಡಿಸಬಹುದಾ?

ಪ್ರಶ್ನೆ: ಡಾಕ್ಟ್ರೇ, ನನ್ನ ಅಮ್ಮನಿಗೆ 64 ವರ್ಷ. ಕಲ್ಲಾಗಿದೆ ಅಂತ ಎಂಟು ವರ್ಷದ ಹಿಂದೆ ಪಿತ್ತಕೋಶ ತೆಗೆದಿದ್ದಾರೆ. ಹೋದ ವರ್ಷ ಹೃದಯಕ್ಕೆ ಸ್ಟೆಂಟ್ ಹಾಕಿಸಿದ್ದೇವೆ. ಈಗ ಊಟವಾದ ಮೇಲೆ ಹೊಟ್ಟೆಯ ಮೇಲ್ಭಾಗದಲ್ಲಿ ನೋವು, ಕಣ್ಣು ಹಳದಿ. ಹೊಟ್ಟೆ ಸ್ಕ್ಯಾನಿಂಗ್‌ನಲ್ಲಿ ಪಿತ್ತನಾಳ 11 ಮಿಲಿಮೀಟರ್ ಇದೆ, ಗ್ಯಾಸ್‌ನಿಂದಾಗಿ ಕೆಳತುದಿ ಕಾಣುತ್ತಿಲ್ಲ ಎಂದು ಬರೆದಿದ್ದಾರೆ. ಎಂಆರ್‌ಸಿಪಿ, ಅಂದರೆ ಪಿತ್ತನಾಳದ ಎಂಆರ್‌ಐ ಸ್ಕ್ಯಾನ್, ಮಾಡಿಸಿ ಅಂದರು. ಅಣ್ಣ ಸಿ.ಟಿ. ಸಾಕಲ್ವಾ ಅಂತಾನೆ. ಪಕ್ಕದ ಮನೆಯವರು, ಎಂಡೋಸ್ಕೋಪಿಯಲ್ಲೇ ಕಲ್ಲು ತೆಗೀತಾರೆ, ಎರಡೆರಡು ಖರ್ಚು ಯಾಕೆ ಅಂತಾರೆ. ಅಮ್ಮನಿಗೆ ಕಿಡ್ನಿ ಸ್ವಲ್ಪ ವೀಕ್. ಇಂಜೆಕ್ಷನ್ ಕೊಡುತ್ತಾರಾ? ಸ್ಟೆಂಟ್ ಇದ್ದವರು ಆ ಮೆಷಿನ್ ಒಳಗೆ ಹೋಗಬಹುದಾ? ಅಪ್ಪ, ಅಮ್ಮ ಇಬ್ಬರೂ ಹೆದರಿದ್ದಾರೆ.
– ಓದುಗರೊಬ್ಬರು, ತಿಪಟೂರು

ಉತ್ತರ: ಎಲ್ಲಕ್ಕಿಂತ ಮೊದಲು ಒಂದು ಮಾತು. ಅಮ್ಮನಿಗೆ ಜ್ವರ, ಚಳಿ ನಡುಕ ಶುರುವಾದರೆ ಸ್ಕ್ಯಾನಿಂಗ್ ತಾರೀಖಿಗೆ ಕಾಯಬೇಡಿ. ನೋವು, ಕಾಮಾಲೆ, ಚಳಿಜ್ವರ ಮೂರೂ ಸೇರಿದರೆ ಕಟ್ಟಿಕೊಂಡ ಪಿತ್ತನಾಳದಲ್ಲಿ ಸೋಂಕು ಆಗಿದೆ ಎಂದೇ ತಿಳಿಯಬೇಕು. ರಾತ್ರಿಯಾದರೂ ಸರಿ, ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಜ್ವರ ಇಲ್ಲದಿದ್ದರೆ, ನಿಮ್ಮ ಡಾಕ್ಟರ್ ಬರೆದದ್ದು ಸರಿಯಾಗಿಯೇ ಇದೆ. ಪಿತ್ತಕೋಶ ತೆಗೆದವರಲ್ಲಿ ನಾಳ 10 ಮಿಲಿಮೀಟರ್‌ವರೆಗೂ ಹಿಗ್ಗಿರುವುದುಂಟು. ಅದೊಂದರಿಂದಲೇ ಗಾಬರಿ ಬೇಡ. ಆದರೆ 11 ಮಿಲಿಮೀಟರ್ ಜೊತೆಗೆ ಕಣ್ಣೂ ಹಳದಿಯಾಗಿದೆ ಅಂದರೆ ಕೆಳತುದಿಯಲ್ಲಿ ಏನು ಅಡ್ಡವಾಗಿದೆ ಎಂದು ನೋಡಲೇಬೇಕು. ಪಿತ್ತಕೋಶ ತೆಗೆದ ಮೇಲೂ ನಾಳದಲ್ಲಿ ಕಲ್ಲು ಇರಬಹುದು.

ಅಣ್ಣನ ಪ್ರಶ್ನೆಗೆ ಉತ್ತರ ಸುಲಭ. ಕೊಲೆಸ್ಟರಾಲ್ ಕಲ್ಲುಗಳು ಸಿ.ಟಿ.ಯಲ್ಲಿ ಎಷ್ಟೋ ಸಲ ಪಿತ್ತರಸದ ಬಣ್ಣಕ್ಕೇ ಸೇರಿಹೋಗುತ್ತವೆ, ಕಾಣುವುದಿಲ್ಲ.

ಪಕ್ಕದ ಮನೆಯವರು ಹೇಳಿದ್ದು ಇಆರ್‌ಸಿಪಿ ಬಗ್ಗೆ. ಬಾಯಿಯಿಂದ ನಳಿಗೆ ಇಳಿಸಿ, ಸಣ್ಣ ಕರುಳಿನಲ್ಲಿ ಪಿತ್ತನಾಳ ತೆರೆದುಕೊಳ್ಳುವ ಬಾಯಿಯೊಳಗೆ ಡೈ ಬಿಟ್ಟು ಎಕ್ಸ್‌ರೇ ತೆಗೆಯುತ್ತಾರೆ. ಇದು 1968ರಿಂದ ಇದೆ. 1974ರಲ್ಲಿ ಆ ಬಾಯಿಯನ್ನು ಕೊಯ್ದು ಕಲ್ಲು ತೆಗೆಯುವುದೂ ಶುರುವಾಯಿತು. ಆಪರೇಷನ್ ಇಲ್ಲದೆ ಕಲ್ಲು ಹೊರಬರುತ್ತದೆ, ದೊಡ್ಡ ಉಪಕಾರ. ಆದರೆ ಮಾಡಿಸಿಕೊಂಡ ನೂರು ಜನರಲ್ಲಿ 3ರಿಂದ 10 ಮಂದಿಗೆ ಮೇದೋಜೀರಕ ಗ್ರಂಥಿ ಊದಿಕೊಳ್ಳುತ್ತದೆ. ಕೆಲವರಿಗೆ ರಕ್ತಸ್ರಾವವೂ ಆಗುತ್ತದೆ. ಕಲ್ಲು ಇದೆ ಎಂದು ಗೊತ್ತಿದ್ದರೆ ಆ ಅಪಾಯಕ್ಕೆ ಅರ್ಥವಿದೆ. ಇದೆಯೋ ಇಲ್ಲವೋ ಎಂದು ನೋಡುವುದಕ್ಕೇ 64ರ ಹೆಂಗಸನ್ನು, ಅದೂ ಹೃದಯದ ಸ್ಟೆಂಟ್ ಇರುವವರನ್ನು, ಅದಕ್ಕೆ ಒಡ್ಡುವುದು ನನಗೆ ಒಪ್ಪಿಗೆಯಿಲ್ಲ. 1991ರಲ್ಲಿ ಎಂಆರ್‌ಸಿಪಿ ಬಂದ ಮೇಲೆ, ಬರೀ ನೋಡುವುದಕ್ಕಾಗಿ ಇಆರ್‌ಸಿಪಿ ಮಾಡುವ ಅಗತ್ಯವೂ ಕಡಿಮೆಯಾಗಿದೆ.

ಎಂಆರ್‌ಸಿಪಿಯಲ್ಲಿ ಎಕ್ಸ್‌ರೇ ಇಲ್ಲ, ಡೈ ಇಂಜೆಕ್ಷನ್ನೂ ಬೇಕಿಲ್ಲ. ನಿಂತ ನೀರಿನಂಥ ದ್ರವ ಮಾತ್ರ ಬೆಳ್ಳಗೆ ಕಾಣುವಂತೆ ಎಂಆರ್‌ಐ ಮೆಷಿನ್ನನ್ನು ಹೊಂದಿಸಿಕೊಳ್ಳುತ್ತೇವೆ. ಪಿತ್ತರಸ, ಮೇದೋಜೀರಕ ರಸ ಬೆಳ್ಳಗೆ, ಸುತ್ತಲಿನದೆಲ್ಲ ಕಪ್ಪಗೆ. ಎಲೆ ಉದುರಿದ ಮರದ ಹಾಗೆ ನಾಳದ ಕೊಂಬೆಗಳೆಲ್ಲ ತೋರುತ್ತವೆ. ಕಲ್ಲಿದ್ದರೆ ಬಿಳಿಯ ನಡುವೆ ಕಪ್ಪು ಚುಕ್ಕೆ. ಇಂಜೆಕ್ಷನ್ ಇಲ್ಲದ ಕಾರಣ ಕಿಡ್ನಿಯ ಚಿಂತೆ ಬೇಡ. ಗಡ್ಡೆಯ ಅನುಮಾನ ಬಂದು ಕಾಂಟ್ರಾಸ್ಟ್ ಎಂಆರ್‌ಐ ಕೂಡ ಬೇಕೆಂದರೆ ಮಾತ್ರ ಇಂಜೆಕ್ಷನ್ ಬರುತ್ತದೆ. ಆಗ ಕ್ರಿಯಾಟಿನಿನ್ (ಕಿಡ್ನಿಯ ರಕ್ತಪರೀಕ್ಷೆ) ರಿಪೋರ್ಟ್ ತೋರಿಸಿ.

ಹೃದಯದ ಸ್ಟೆಂಟ್ ಇದ್ದರೂ ಮಾಡಿಸಬಹುದು. ಪಿತ್ತಕೋಶ ತೆಗೆದಾಗ ಹಾಕಿದ ಟೈಟೇನಿಯಂ ಕ್ಲಿಪ್‌ಗಳಿಂದಲೂ ತೊಂದರೆಯಿಲ್ಲ. ನಾವು ಹೆದರುವುದು ಪೇಸ್‌ಮೇಕರ್, ಮೆದುಳಿನ ರಕ್ತನಾಳಕ್ಕೆ ಹಾಕಿದ ಹಳೆಯ ಕ್ಲಿಪ್, ಕಿವಿಯ ಇಂಪ್ಲಾಂಟ್, ವೆಲ್ಡಿಂಗ್ ಕೆಲಸದವರ ಕಣ್ಣಲ್ಲಿ ಉಳಿದ ಕಬ್ಬಿಣದ ಚೂರು ಇಂಥವುಗಳಿಗೆ. ಸ್ಟೆಂಟಿಗೂ ಪೇಸ್‌ಮೇಕರಿಗೂ ವ್ಯತ್ಯಾಸ ಗೊತ್ತಿಲ್ಲದೆ ‘ಹಾರ್ಟಿಗೆ ಏನೋ ಹಾಕಿದ್ದಾರೆ’ ಎನ್ನುವವರು ಬಹಳ ಜನ. ದಯವಿಟ್ಟು ಡಿಸ್ಚಾರ್ಜ್ ಸಮ್ಮರಿ ತೆಗೆದುಕೊಂಡು ಹೋಗಿ.

4ರಿಂದ 6 ಗಂಟೆ ಖಾಲಿ ಹೊಟ್ಟೆಯಲ್ಲಿರಬೇಕು. ಜಠರದಲ್ಲಿ ನೀರಿದ್ದರೆ ಅದೂ ಬೆಳ್ಳಗೆ ಕಂಡು ನಾಳವನ್ನು ಮರೆಮಾಡುತ್ತದೆ. ಕೆಲವು ಕಡೆ ಅನಾನಸ್ ಜ್ಯೂಸ್ ಕುಡಿಸುತ್ತಾರೆ, ಅದರಲ್ಲಿರುವ ಮ್ಯಾಂಗನೀಸ್‌ನಿಂದ ಜಠರದ ನೀರು ಕಪ್ಪಗೆ ಕಾಣುತ್ತದೆ. ಸಕ್ಕರೆ ಕಾಯಿಲೆ ಇದ್ದರೆ ಜ್ಯೂಸ್ ಕುಡಿಯುವ ಮುಂಚೆಯೇ ಹೇಳಿ. ಉಪವಾಸಕ್ಕೆ ಮಾತ್ರೆ, ಇನ್ಸುಲಿನ್ ಹೇಗೆ ಹೊಂದಿಸಬೇಕು ಎಂದೂ ಡಾಕ್ಟರನ್ನು ಕೇಳಿ.

ಈಗ ನನಗೆ ತುಂಬಾ ಮುಖ್ಯ ಅನಿಸುವ ವಿಷಯ. ಒಳಗೆ 20ರಿಂದ 30 ನಿಮಿಷ. ಮಧ್ಯೆ ಮಧ್ಯೆ 15ರಿಂದ 20 ಸೆಕೆಂಡು ಉಸಿರು ಹಿಡಿಯಬೇಕು. ಹೊಟ್ಟೆ ಅಲುಗಿದರೆ ಚಿತ್ರ ಮಸುಕಾಗುತ್ತದೆ, ಸಣ್ಣ ಕಲ್ಲು ತಪ್ಪಿಹೋಗುತ್ತದೆ. ಮೆಷಿನ್‌ನಲ್ಲಿ ಬರುವ ಧ್ವನಿ ಎಷ್ಟೋ ಕಡೆ ಇಂಗ್ಲಿಷ್ ಅಥವಾ ಹಿಂದಿಯಲ್ಲಿರುತ್ತದೆ. ತಿಪಟೂರಿನ ಅಮ್ಮನಿಗೆ ಅದು ಅರ್ಥವಾಗದಿದ್ದರೆ ತಪ್ಪು ಅಮ್ಮನದಲ್ಲ. ಟೆಕ್ನಿಷಿಯನ್ ಹತ್ತಿರ ಕೇಳಿ: ‘ಕನ್ನಡದಲ್ಲಿ ಹೇಳ್ತೀರಾ?’ ನಾನು ಮೈಕ್‌ನಲ್ಲಿ ನಾನೇ ಹೇಳುತ್ತೇನೆ: ‘ಅಮ್ಮಾ, ಉಸಿರು ಎಳ್ಕೊಳ್ಳಿ, ಪೂರ್ತಿ ಬಿಡಿ, ಹಾಗೇ ಹಿಡ್ಕೊಳ್ಳಿ.’ ಇವತ್ತಿನಿಂದಲೇ ಮನೆಯಲ್ಲಿ ಮಲಗಿಸಿ ಹೀಗೆ ಅಭ್ಯಾಸ ಮಾಡಿಸಿ. ಕೈಗೆ ಒಂದು ಬಲ್ಬ್ ಕೊಡುತ್ತಾರೆ, ಭಯವಾದರೆ ಒತ್ತಿದರಾಯಿತು, ಹೊರಗೆ ತರುತ್ತಾರೆ. ಶಬ್ದ ಜಾಸ್ತಿ, ಕಿವಿಗೆ ಮುಚ್ಚಳ ಕೇಳಿ ಪಡೆಯಿರಿ.

ತಾಳಿ, ಕಾಲುಂಗುರ, ಹೇರ್‌ಪಿನ್ ಎಲ್ಲ ತೆಗೆಯಬೇಕು. ತಾಳಿ ಬಿಚ್ಚಲು ಕಣ್ಣೀರು ಹಾಕುವವರನ್ನು ನಾನು ಆಗಾಗ ನೋಡುತ್ತೇನೆ. ಅಂಥವರಿಗೆ ಅರಿಶಿನ ಕೊಂಬು ಕಟ್ಟಿದ ಹತ್ತಿ ದಾರ ಹಾಕಿಕೊಂಡು ಬನ್ನಿ ಅನ್ನುತ್ತೇನೆ. ದಾರಕ್ಕೆ, ಅರಿಶಿನಕ್ಕೆ ಅಡ್ಡಿಯಿಲ್ಲ. ಆಭರಣ ಅಪ್ಪನ ಕೈಯಲ್ಲಿರಲಿ.

ರಿಪೋರ್ಟ್‌ನಲ್ಲಿ ಕಲ್ಲು ಕಂಡರೆ ಮುಂದಿನ ಹೆಜ್ಜೆ ಇಆರ್‌ಸಿಪಿಯೇ. ಏನೂ ಕಾಣದೆ, ರಕ್ತದಲ್ಲಿ ಬಿಲಿರುಬಿನ್ (ಕಣ್ಣು ಹಳದಿ ಮಾಡುವ ಅಂಶ) ಇಳಿಯುತ್ತಿದ್ದರೆ ಕಲ್ಲು ತಾನಾಗಿಯೇ ಕರುಳಿಗೆ ಜಾರಿರಬಹುದು. ಬಿಲಿರುಬಿನ್ ಏರುತ್ತಲೇ ಇದ್ದರೆ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ (ಬಾಯಿಯಿಂದ ನಳಿಗೆ ಇಳಿಸಿ ಒಳಗಿನಿಂದ ಮಾಡುವ ಸ್ಕ್ಯಾನಿಂಗ್) ಬಗ್ಗೆ ಕೇಳಿ. 5 ಮಿಲಿಮೀಟರ್‌ಗಿಂತ ಸಣ್ಣ ಕಲ್ಲು ಎಂಆರ್‌ಸಿಪಿಯಲ್ಲಿ ತಪ್ಪಬಹುದು, ಅದರಲ್ಲಿ ಸಿಗುತ್ತದೆ. ಇನ್ನು ಸ್ಟೆಂಟ್‌ಗಾಗಿ ಅಮ್ಮ ತೆಗೆದುಕೊಳ್ಳುವ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಮಾತ್ರೆಗಳು. ಎಂಆರ್‌ಸಿಪಿಗೆ ಅವನ್ನು ನಿಲ್ಲಿಸುವುದು ಬೇಡ. ಇಆರ್‌ಸಿಪಿಗೆ ನಿಲ್ಲಿಸಬೇಕೇ ಎನ್ನುವುದನ್ನು ಹೃದಯದ ಡಾಕ್ಟರ್ ಹೇಳಲಿ, ನೀವಾಗಿ ಒಂದು ದಿನವೂ ಬಿಡಬೇಡಿ.