ಕುಮಾರ ಪರ್ವತ ಒಂದೇ ದಿನಕ್ಕೆ ಆಗುತ್ತಾ?

ಪ್ರಶ್ನೆ: ಡಿಸೆಂಬರ್‌ನಲ್ಲಿ ನಾವು ಮೂವರು ಗೆಳೆಯರು ಕುಕ್ಕೆಯಿಂದ ಕುಮಾರ ಪರ್ವತ ಹತ್ತಿ ಅದೇ ದಿನ ಇಳಿಯಬೇಕು ಅಂತಿದ್ದೇವೆ. ಬಯಲುಸೀಮೆಯವರು, ಇಷ್ಟು ದೊಡ್ಡ ಬೆಟ್ಟ ಹತ್ತಿಲ್ಲ. ತಯಾರಿ ಹೇಗೆ ಸರ್?
– ಓದುಗರು, ಯಾದಗಿರಿ

ಉತ್ತರ: ಆಗುತ್ತೆ, ಆದರೆ ಹಗುರವಾಗಿ ತಗೋಬೇಡಿ. ಶಿಖರ 1,712 ಮೀಟರ್, ಕುಕ್ಕೆ ಇರೋದು ತಪ್ಪಲಲ್ಲಿ, ಹಾಗಾಗಿ ಒಂದೂವರೆ ಸಾವಿರ ಮೀಟರ್‌ಗಿಂತ ಜಾಸ್ತಿ ಏರು, ಹೋಗಿ ಬರೋದು ಸೇರಿ 20 ಕಿ.ಮೀ. ಮೇಲೆ ನಡಿಗೆ. ನಿಮ್ಮೂರಲ್ಲೇ ಕೋಟೆ ಬೆಟ್ಟ ಇದೆ ಅಲ್ವಾ? ವಾರಕ್ಕೆ ಮೂರು ದಿನ ಬೆಳಿಗ್ಗೆ, ಬೆನ್ನಿಗೆ ನಾಲ್ಕು ಲೀಟರ್ ನೀರು ಹೊತ್ತು, ಒಂದೇ ಸಲ ಅಲ್ಲ, ಮೂರ್ನಾಲ್ಕು ಸಲ ಹತ್ತಿ ಇಳಿಯಿರಿ. ಇಳಿಯೋದನ್ನು ಮರೀಬೇಡಿ, ಮೊಣಕಾಲು ಕೈಕೊಡೋದು ಅಲ್ಲೇ.

ಶೂ ಈಗಲೇ ತಗೊಂಡು ಹಾಕಿ ಪಳಗಿಸಿ. ಹೊಸ ಶೂನಲ್ಲಿ ಹೋಗಿದ್ದಾಗ ನನ್ನ ಹಿಮ್ಮಡಿಯ ಗುಳ್ಳೆ ಒಡೆದು ಸಾಕ್ಸ್‌ಗೆ ಅಂಟಿಕೊಂಡಿತ್ತು, ಆ ಉರಿ ಇನ್ನೂ ನೆನಪಿದೆ.

ಅರಣ್ಯ ಇಲಾಖೆಯ ಅನುಮತಿ ಮೊದಲೇ ಮಾಡಿಸಿ, ಇಲ್ಲದಿದ್ದರೆ ಅಷ್ಟು ದೂರದಿಂದ ಬಂದು ಸುಮ್ನೆ ವಾಪಸ್. ಚಾರಣ ಶುರುವಾಗೋ ಹೊತ್ತಿಗೇ ಗೇಟಿನಲ್ಲಿರಿ. ದಾರಿ ಮಧ್ಯೆ ಸಿಗೋ ಭಟ್ಟರ ಮನೆ ದಾಟಿದ ಮೇಲೆ ಬಯಲು ಹುಲ್ಲುಗಾವಲು, ನೆರಳು ಕಡಿಮೆ. ನಮ್ಮ ಕಡೆ ಒಣ ಬಿಸಿಲು. ಅಲ್ಲಿ ಕೆಳಗೆ ಸೆಕೆ, ಬೆವರು ಆರೋದೇ ಇಲ್ಲ, ಬರೀ ನೀರು ಸಾಲದು, ಓಆರ್‌ಎಸ್ ಇರಲಿ. ಕಟಕ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಳ್ಳಿ, ಕೆಡೋದಿಲ್ಲ. ಮಧ್ಯಾಹ್ನ 12ಕ್ಕೆ ಎಲ್ಲೇ ಇದ್ದರೂ, ತುದಿ ಕಣ್ಣೆದುರೇ ಇದ್ದರೂ, ಹಿಂದಿರುಗಿ. ಮೂವರೂ ಇದನ್ನು ಊರಲ್ಲೇ ಒಪ್ಪಿಕೊಂಡು ಹೊರಡಿ.