ಅಂಗಳದ ಪ್ರಶ್ನೋತ್ತರ: ಗೋಸಂಪಿಗೆ ಗೆಲ್ಲು ಕೊಳೆಯುದು ಯಾಕೆ?

ಪ್ರಶ್ನೆ: ಹೋದ ಜುಲೈಯಲ್ಲಿ ನೆರೆಮನೆಯಿಂದ ಗೋಸಂಪಿಗೆ ಗೆಲ್ಲು ತಂದು ಅವತ್ತೇ ನೆಟ್ಟೆ, ಬುಡ ಕೊಳೆತು ಹೋಯ್ತು. ಗೇಟಿನ ಹತ್ರ ಹಳೇ ಮರ ಒಂದು ಉಂಟು, ಎಲೆ ಬರ್ತದೆ, ಹೂ ಇಲ್ಲ. ಆಟಿಯಲ್ಲಿ (ಜುಲೈ-ಆಗಸ್ಟಲ್ಲಿ) ಎಲೆಯ ಅಡಿಗೆಲ್ಲ ಕಿತ್ತಳೆ ಬಣ್ಣದ ಹುಡಿ. ಅಡಿಕೆಗೆ ಬಿಡುವ ಬೋರ್ಡೋ (ಮೈಲುತುತ್ತು-ಸುಣ್ಣದ ದ್ರಾವಣ) ಇದಕ್ಕೂ ಬಿಡಬೇಕಾ?
- ಓದುಗರು, ಬ್ರಹ್ಮಾವರ

ಉತ್ತರ: ಬೋರ್ಡೋ ಎಲ್ಲ ಬೇಡ ಮಾರಾಯ್ರೆ. ಮೊದಲು ಗೆಲ್ಲಿನ ವಿಷಯ ಹೇಳ್ತೇನೆ, ನಮ್ಮೂರಲ್ಲಿ ಹೆಚ್ಚಿನವರ ಗೋಸಂಪಿಗೆ ಹಾಳಾಗುದು ಅಲ್ಲೇ. ಇದು ಮೂಲದಲ್ಲಿ ಮೆಕ್ಸಿಕೊ, ಕೆರಿಬಿಯನ್ ಕಡೆಯ ಮರ, ವರ್ಷದಲ್ಲಿ ಕೆಲವು ತಿಂಗಳು ಮಳೆಯೇ ಬಾರದ ಜಾಗದ್ದು, ಅದಕ್ಕೇ ಆ ದಪ್ಪ ಗೆಲ್ಲಿನೊಳಗೆ ನೀರು ತುಂಬಿಸಿ ಇಟ್ಕೊಳ್ತದೆ, ಕಡಿದ ಜಾಗ ಹಸಿ ಇರುವಾಗ್ಲೇ ನಮ್ಮ ಜುಲೈ ಮಳೆಯಲ್ಲಿ ಮಣ್ಣಿಗೆ ಊರಿದ್ರೆ ಬೇರು ಬರುವ ಮೊದಲೇ ಕೊಳೆ ಹತ್ತಿ ಬಿಡ್ತದೆ. ಫೆಬ್ರವರಿ-ಮಾರ್ಚಲ್ಲಿ ಮರ ಬೋಳಾಗಿ ನಿಂತಿರುವಾಗ ಬೂದು ಬಣ್ಣಕ್ಕೆ ತಿರುಗಿದ ಬಲಿತ ಗೆಲ್ಲು ತೆಗೀರಿ, ಒಂದೂವರೆ ಅಡಿ ಸಾಕು, ಹಸಿರು ಎಳೆ ತುದಿ ಬೇಡ. ಹಾಲು ಸೋರಿ ನಿಂತ ಮೇಲೆ ನೆರಳಲ್ಲಿ ವಾರ ಹತ್ತು ದಿನ ಒರಗಿಸಿಡಿ. ಕಡಿದ ಮುಖ ಒಣಗಿ ಬಿಲ್ಲೆಯ ಹಾಗೆ ಗಟ್ಟಿ ಆಗ್ತದೆ, ಬೆರಳಲ್ಲಿ ಒತ್ತಿದ್ರೆ ಅಂಟಬಾರದು. ಆಮೇಲೆ ಅರ್ಧಕ್ಕರ್ಧ ಹೊಯ್ಗೆ (ಮರಳು) ಸೇರಿಸಿದ ಮಣ್ಣಿನ ಕುಂಡದಲ್ಲಿ 4 ಇಂಚು ಊರಿ, ಅಲುಗಾಡದ ಹಾಗೆ ಕೋಲು ಕಟ್ಟಿ. ಒಮ್ಮೆ ನೀರು ಕೊಟ್ಟು ಸುಮ್ನಿರಿ, ಚಿಗುರು ಬರುವವರೆಗೆ ಮಣ್ಣು ಪೂರ್ತಿ ಒಣಗಿದ್ರೆ ಮಾತ್ರ ಮತ್ತೆ. ಮೊದಲ ಮಳೆಗಾಲ ಕುಂಡ ಮಾಡಿನ ಅಡಿಯಲ್ಲೇ ಇರ್ಲಿ, ನೆಲಕ್ಕೆ ಇಳಿಸುವಾಗ್ಲೂ ನೀರು ನಿಲ್ಲದ ಎತ್ತರದ ಜಾಗ ನೋಡಿ.

ಹಳೇ ಮರಕ್ಕೆ ದಿನಕ್ಕೆ 6 ಗಂಟೆಯಾದ್ರೂ ಬಿಸಿಲು ಬೀಳ್ತದಾ ನೋಡಿ. ತೆಂಗು, ಮಾವಿನ ನೆರಳಲ್ಲಿ ಎಲೆ ಬರ್ತದೆ, ಹೂ ಬರುದಿಲ್ಲ. ಯೂರಿಯಾ ಹಾಕ್ತಿದ್ರೆ ನಿಲ್ಲಿಸಿ, ಅದೂ ಎಲೆಯನ್ನೇ ಹೆಚ್ಚಿಸುದು. ಇನ್ನೊಂದು, ಹೂಗೊಂಚಲು ಬರುದು ಗೆಲ್ಲಿನ ತುದಿಯಲ್ಲೇ, ಕರೆಂಟ್ ವಯರಿಗೆ ತಾಗ್ತದೆ ಅಂತ ವರ್ಷ ವರ್ಷ ತುದಿ ಸವರ್ತಾ ಬಂದ್ರೆ ಹೂ ಎಲ್ಲಿಂದ ಬರ್ಬೇಕು?

ಕಿತ್ತಳೆ ಹುಡಿ ತುಕ್ಕು ರೋಗ, ಶಿಲೀಂಧ್ರದಿಂದ ಬರುವಂಥದ್ದು. ನೋಡ್ಲಿಕ್ಕೆ ಬೇಜಾರಾಗ್ತದೆ, ಆದ್ರೆ ಎಲೆ ಸ್ವಲ್ಪ ಬೇಗ ಉದುರ್ತದೆ ಅಷ್ಟೆ, ಬೆಳೆದ ಮರ ಅದರಿಂದ ಸಾಯುದಿಲ್ಲ. ಬಿದ್ದ ಎಲೆ ಗುಡಿಸಿ ಸುಟ್ಟುಬಿಡಿ, ಬುಡದಲ್ಲಿ ರಾಶಿ ಹಾಕ್ಬೇಡಿ. ಚಳಿಗಾಲದಲ್ಲಿ ಹೇಗೂ ಬೋಳಾಗ್ತದೆ, ಸತ್ತಿತು ಅಂತ ಹೆದರಿ ನೀರು ಸುರಿಬೇಡಿ, ಉಗುರಲ್ಲಿ ಸಿಪ್ಪೆ ಕೆರೆದು ನೋಡಿ, ಒಳಗೆ ಹಸಿರು ಕಂಡ್ರೆ ಜೀವ ಉಂಟು.

ಪ್ರಶ್ನೆ: ಮನೆಯಲ್ಲಿ ಸಣ್ಣ ಮಕ್ಕಳು ಉಂಟು, ಗೋಸಂಪಿಗೆಯ ಹಾಲು ವಿಷವಂತೆ, ಮರ ಕಡಿಸ್ಬೇಕು ಅಂತಾರೆ ಅತ್ತೆ.
- ಓದುಗರು, ಸುರತ್ಕಲ್

ಉತ್ತರ: ಅತ್ತೆಯವರು ಹೆದರುದು ಸುಳ್ಳಲ್ಲ, ಹಾಲು ಚರ್ಮಕ್ಕೆ ತಾಗಿದ್ರೆ ಕೆಲವರಿಗೆ ತುರಿಕೆ ಬರ್ತದೆ, ಕಣ್ಣಿಗೆ ಬಿದ್ರೆ ತುಂಬ ಉರಿ, ಬಾಯಿಗಂತೂ ಹೋಗ್ಲೇಬಾರದು. ಆದ್ರೆ ಹಾಲು ಬರುದು ಎಲೆ, ಗೆಲ್ಲು ಮುರಿದಾಗ. ಮಕ್ಕಳ ಕೈಗೆ ಸಿಗುವ ಕೆಳಗಿನ ಗೆಲ್ಲುಗಳನ್ನು ಕೈಗೆ ಗ್ಲೌಸ್ ಹಾಕ್ಕೊಂಡು ತೆಗೀರಿ, ಮರ ಇರ್ಲಿ.